ಪ್ರಶ್ನೆಗಳ ಮುಂದೆ ನಿಂತ ಉಡುತಡಿಯ ಅಕ್ಕ

ಬೋಧನಾಭ್ಯಾಸಕ್ಕಾಗಿ ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಪ್ರೌಢಶಾಲೆಗಳಿಗೆ ಹೋಗುವ ಕನ್ನಡ ವಿಷಯದ ಪ್ರಶಿಕ್ಷಣಾರ್ಥಿಗಳಿಗೆ ಒಂದಲ್ಲ ಒಂದು ತರಗತಿಯಲ್ಲಿ ವಚನದ ಪಾಠ ಎದುರಾಗುತ್ತದೆ. ಅದು ಅಕ್ಕಮಹಾದೇವಿಯ ವಚನವಾದರೆ ಕವಿಪರಿಚಯವನ್ನೂ ಹೇಳಬೇಕು. ಕಾಲ, ಊರು, ಅಂಕಿತ ಈ ಮೂರನ್ನು ಕಪ್ಪುಹಲಗೆಯ ಮೇಲೆ ಬರೆದು ನೇರವಾಗಿ ವಚನದ ಅರ್ಥಕ್ಕೆ ಹೋಗಿಬಿಡುವುದು ಸುಲಭ. ಅರಸನೊಬ್ಬನ ಕಥೆ, ಉಡುಗೆ ತೊರೆದ ಸಂಗತಿ ಇವೆಲ್ಲ ಬಂದರೆ ಮಕ್ಕಳು ಮುಸಿಮುಸಿ ನಕ್ಕಾರು ಎಂಬ ಅಳುಕು ಹೊಸ ಶಿಕ್ಷಕರಿಗೆ ಇರುವುದು ಸಹಜ. ಆದರೆ ಆ ಅಳುಕಿನಲ್ಲಿ ನಾವು ಬಿಟ್ಟುಬಿಡುವ ಭಾಗವೇ ಅಕ್ಕನ ಬದುಕಿನಲ್ಲಿ ಮಕ್ಕಳಿಗೆ ಹೆಚ್ಚು ಬೇಕಾದ ಭಾಗ. ತನ್ನ ನಡತೆಯ ಮೇಲೆ ಸಂಶಯ ಬಂದಾಗ ಒಬ್ಬ ಯುವತಿ ಏನು ಮಾಡಿದಳು, ಸಂಶಯಪಟ್ಟವರು ಏನು ಮಾಡಿದರು ಎಂಬುದು ಅಲ್ಲಿದೆ. ಆ ದೃಷ್ಟಿಯಿಂದ ಅಕ್ಕನ ಜೀವನವನ್ನು ಇಲ್ಲಿ ನಿರೂಪಿಸಿದೆ. ಕೊನೆಯಲ್ಲಿ ತರಗತಿಗೆ ಬೇಕಾದ ಕೆಲವು ಸೂಚನೆಗಳಿವೆ.

ಊರು ಮತ್ತು ಕಾಲ

ಅಕ್ಕ ಹುಟ್ಟಿದ್ದು 12ನೇ ಶತಮಾನದಲ್ಲಿ, ಇಂದಿನ ಶಿಕಾರಿಪುರ ತಾಲೂಕಿನ ಉಡುತಡಿಯಲ್ಲಿ. ತಂದೆ ನಿರ್ಮಲಶೆಟ್ಟಿ, ತಾಯಿ ಸುಮತಿ ಎಂದು ಪರಂಪರೆ ಹೇಳುತ್ತದೆ. ಅದೇ ತಾಲೂಕಿನ ಬಳ್ಳಿಗಾವಿ ಆಗ ಬನವಾಸಿ ಹನ್ನೆರಡು ಸಾಸಿರ ಎಂಬ ದೊಡ್ಡ ನಾಡಿನ ರಾಜಧಾನಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಹೆಸರಾಂತ ವಿದ್ಯಾಕೇಂದ್ರವಾಗಿತ್ತು. ವೇದ, ವ್ಯಾಕರಣಗಳ ಜೊತೆಗೆ ಜೈನ, ಬೌದ್ಧ ದರ್ಶನಗಳನ್ನೂ ಅಲ್ಲಿ ಅಭ್ಯಸಿಸುತ್ತಿದ್ದರು, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತು ಎಂದು 1162ರ ಶಾಸನವೊಂದು ವಿವರಿಸುತ್ತದೆ. ಒಂದು ಮತದವರು ಇನ್ನೊಂದು ಮತದವರ ಮಾತನ್ನು ಕೇಳಿ, ಎದುರು ಪ್ರಶ್ನೆ ಹಾಕಿ, ಉತ್ತರ ಪಡೆಯುವ ವಾತಾವರಣ ಈ ಸೀಮೆಗೆ ಹೊಸದಾಗಿರಲಿಲ್ಲ.

ಈ ಬಳ್ಳಿಗಾವಿಯವನೇ ಅಲ್ಲಮಪ್ರಭು. ಗುಡಿಯಲ್ಲಿ ಮದ್ದಳೆ ನುಡಿಸುತ್ತಿದ್ದವನು ಮುಂದೆ ಎಲ್ಲವನ್ನೂ ಬಿಟ್ಟು ಹೊರಟು, ಶರಣರ ಅನುಭವ ಮಂಟಪದಲ್ಲಿ ಶೂನ್ಯಸಿಂಹಾಸನದ ಅಧ್ಯಕ್ಷನಾದ. ಮುಂದೆ ಕಲ್ಯಾಣದಲ್ಲಿ ಅಕ್ಕನನ್ನು ಎಲ್ಲರಿಗಿಂತ ಕಠಿಣವಾಗಿ ಪ್ರಶ್ನಿಸಿದವನು ಈತನೇ. ಪ್ರಶ್ನೆ ಕೇಳಿದವನೂ ಉತ್ತರ ಕೊಟ್ಟವಳೂ ಇಂದಿನ ಒಂದೇ ತಾಲೂಕಿನ ಅಕ್ಕಪಕ್ಕದ ಊರುಗಳವರು ಎಂಬುದನ್ನು ಇಲ್ಲಿನ ಮಕ್ಕಳಿಗೆ ನಕಾಶೆಯ ಮೇಲೆ ತೋರಿಸಬಹುದು.

ಅರಸನ ಬೇಡಿಕೆ

ಬಾಲ್ಯದಲ್ಲೇ ದೀಕ್ಷೆ ಪಡೆದ ಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ತನ್ನ ಪತಿಯೆಂದು ನಂಬಿದವಳು. ಆ ಊರಿನ ಅರಸ ಕೌಶಿಕ ಆಕೆಯನ್ನು ಕಂಡು ಮೋಹಗೊಂಡ, ಮದುವೆಗೆ ಒತ್ತಾಯಿಸಿದ. ಇಲ್ಲಿಂದ ಮುಂದೆ ಆಕರಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಅಕ್ಕನ ಕಾಲಕ್ಕೆ ಹೆಚ್ಚು ಹತ್ತಿರದವನಾದ ಹರಿಹರ ತನ್ನ ರಗಳೆಯಲ್ಲಿ ಮದುವೆ ನಡೆಯಿತೆನ್ನುತ್ತಾನೆ. ತಂದೆತಾಯಿಗಳಿಗೆ ಅರಸನಿಂದ ಬಂದ ಬೆದರಿಕೆಯನ್ನು ಕಂಡು ಮಹಾದೇವಿ ಕೆಲವು ಷರತ್ತುಗಳ ಮೇಲೆ ಒಪ್ಪಿಕೊಂಡಳು. ಲಿಂಗಪೂಜೆಗೆ, ಜಂಗಮರ ಸಂಗಕ್ಕೆ, ಗುರುಸೇವೆಗೆ ಅಡ್ಡಿಯಾಗಬಾರದು ಎಂಬುದು ಆ ಷರತ್ತು. ಕೌಶಿಕ ಒಂದೊಂದಾಗಿ ಮಾತು ಮುರಿದ. ಕೊನೆಗೆ ಇಷ್ಟು ದೊಡ್ಡ ಭಕ್ತೆಗೆ ಸೀರೆಯ ಹಂಗೇಕೆ ಎಂದು ಹಂಗಿಸಿದ. ಆಕೆ ಸೀರೆಯನ್ನೂ ಅರಮನೆಯನ್ನೂ ಒಟ್ಟಿಗೇ ಬಿಟ್ಟು ಹೊರಟಳು. 15ನೇ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಾದರೋ ಮದುವೆಯೇ ನಡೆಯುವುದಿಲ್ಲ, ಅದಕ್ಕೆ ಮುಂಚೆಯೇ ಆಕೆ ಅರಸನನ್ನು ತೊರೆಯುತ್ತಾಳೆ.

ಮದುವೆಯಾಗಿತ್ತೇ ಇಲ್ಲವೇ ಎಂಬ ಈ ಪ್ರಶ್ನೆಯ ಮೇಲೆ ಕನ್ನಡ ವಿದ್ವಾಂಸರು ಬಹಳ ಚರ್ಚೆ ಮಾಡಿದ್ದಾರೆ. ಆ ಚರ್ಚೆಯ ಕೆಲವು ಮಾತುಗಳಲ್ಲಿ ಒಂದು ಆತಂಕ ಕಾಣುತ್ತದೆ. ಮದುವೆಯಾಗಿದ್ದರೆ ಅಕ್ಕನ ಹಿರಿಮೆಗೆ ಎಲ್ಲಿ ಕುಂದು ಬರುತ್ತದೋ ಎಂಬ ಆತಂಕ ಅದು. ಶಿಕ್ಷಕರಾದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡು ಕೃತಿಗಳೂ ಒಪ್ಪುವ ಸಂಗತಿಯೊಂದಿದೆ. ಅಧಿಕಾರ ಇದ್ದವನು ಒತ್ತಾಯ ಮಾಡಿದ, ಆಕೆ ತನ್ನ ಮಾತನ್ನು ಮೊದಲೇ ಸ್ಪಷ್ಟಪಡಿಸಿದಳು, ಒಪ್ಪಲಾಗದ ಸ್ಥಿತಿ ಬಂದಾಗ ಹೊರಟಳು. ಎರಡು ಕಥೆಗಳಲ್ಲಿ ಯಾವುದನ್ನು ಹಿಡಿದರೂ ಆಕೆಯ ಕಡೆ ತಪ್ಪಿಲ್ಲ. ಆದ್ದರಿಂದ ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಮಾತ್ರ ಹೇಳಬೇಕಾದ ಅಗತ್ಯವೂ ಇಲ್ಲ. ಮುಚ್ಚಿಟ್ಟರೆ, ಅಲ್ಲಿ ನಾಚಿಕೆಪಡುವಂಥದ್ದು ಏನೋ ಇತ್ತೆಂದು ಮಕ್ಕಳು ತಿಳಿಯುತ್ತಾರೆ.

ದಾರಿಯ ಮಾತುಗಳು

ಉಡುತಡಿಯಿಂದ ಹೊರಟ ಅಕ್ಕ, ಹರಿಹರನ ಪ್ರಕಾರ ಶ್ರೀಶೈಲದ ಹಾದಿ ಹಿಡಿದಳು. ಶೂನ್ಯಸಂಪಾದನೆಯ ಪ್ರಕಾರ ಮೊದಲು ಕಲ್ಯಾಣಕ್ಕೆ ಬಂದಳು. ಅದು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಶಿಕಾರಿಪುರದಿಂದ ನೇರ ಗೆರೆ ಎಳೆದರೂ 400 ಕಿ.ಮೀ. ದಾಟುತ್ತದೆ. ಗಂಡು ದಿಕ್ಕಿಲ್ಲದೆ, ಉಡುಗೆಯಿಲ್ಲದೆ, ಕೂದಲನ್ನೇ ಮೈಗೆ ಮರೆಮಾಡಿಕೊಂಡು ನಡೆಯುವ ಯುವತಿಯನ್ನು ಕಂಡ ಊರುಕೇರಿಗಳು ಏನೆಂದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಕೆಲವರು ಹುಚ್ಚಿಯೆಂದರು, ಕೆಲವರು ಬೆನ್ನು ಹತ್ತಿದರು. ತನ್ನ ಹಿಂದೆ ಬಿದ್ದವರನ್ನು ಆಕೆ ಅಣ್ಣಾ ಎಂದು ಕರೆದು ಗದರಿಸಿದ ವಚನಗಳಿವೆ. ಹೊಗಳಿಕೆ ತೆಗಳಿಕೆಗಳಿಗೆ ಮನಸ್ಸು ಕದಡಿಕೊಳ್ಳದೆ ಸಮಾಧಾನದಿಂದಿರಬೇಕು ಎಂಬ ಅರ್ಥದ ವಚನವಂತೂ ಶಾಲಾ ಮಕ್ಕಳಿಗೂ ಪರಿಚಿತ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರಿಗೂ ಅಕ್ಕ ತನ್ನ ಕಥೆ ಹೇಳುತ್ತ ಕೂರಲಿಲ್ಲ. ಕೇಳಿ ತಿಳಿಯುವ ಮನಸ್ಸಿಲ್ಲದೆ ಬಾಯಿ ಚಪಲಕ್ಕೆ ಆಡುವ ಮಾತಿಗೆ ಉತ್ತರ ಕೊಟ್ಟಷ್ಟೂ ಮಾತು ಬೆಳೆಯುತ್ತದೆ. ಆಕೆ ನಡೆದು ಮುಂದೆ ಹೋದಳು. ಆದರೆ ಎಲ್ಲ ಪ್ರಶ್ನೆಗಳಿಗೂ ಆಕೆ ಹೀಗೆ ಬೆನ್ನು ತಿರುಗಿಸಲಿಲ್ಲ.

ಕಲ್ಯಾಣದ ಪರೀಕ್ಷೆ

ಮುಂದಿನ ಭಾಗಕ್ಕೆ ಮುಖ್ಯ ಆಕರ ಶೂನ್ಯಸಂಪಾದನೆ. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿ ಇದನ್ನು ಮೊದಲು ಸಿದ್ಧಪಡಿಸಿದ. ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣ್ಣ ಅದನ್ನು ಪರಿಷ್ಕರಿಸಿದರು. ಘಟನೆ ನಡೆದ ಕಾಲಕ್ಕೂ ಈ ಕೃತಿಗೂ ಎರಡು ಶತಮಾನಗಳಿಗೂ ಮಿಕ್ಕ ಅಂತರವಿದೆ. ಹಾಗಾಗಿ ಇದನ್ನು ಸಭೆಯ ನಡಾವಳಿಯೆಂದು ಓದದೆ, ಶರಣ ಪರಂಪರೆ ಈ ಭೇಟಿಯನ್ನು ಹೇಗೆ ನೆನಪಿಟ್ಟುಕೊಂಡಿತು ಎಂದು ಓದಬೇಕು.

ಕಲ್ಯಾಣದ ಹೊರವಲಯದಲ್ಲೇ ಮೊದಲ ಪರೀಕ್ಷೆ ನಡೆಯಿತು. ಕಿನ್ನರಿ ಬೊಮ್ಮಯ್ಯ ಎಂಬ ಶರಣ ಆಕೆಯ ವೈರಾಗ್ಯ ನಿಜವೇ ಎಂದು ತಿಳಿಯಲು ಸಲ್ಲದ ರೀತಿಯಲ್ಲಿ ಎದುರು ನಿಂತ. ಅಕ್ಕ ಅಳುಕಲಿಲ್ಲ. ಆಕೆಯ ಮಾತಿನ ಮುಂದೆ ಸೋತ ಬೊಮ್ಮಯ್ಯ ತಲೆಬಾಗಿ, ಆಕೆಯನ್ನು ಗೌರವದಿಂದ ಕಂಡು, ಅನುಭವ ಮಂಟಪದ ಶರಣರಿಗೆ ಆಕೆಯ ನಿಲುವನ್ನು ಕೊಂಡಾಡಿದ. ಪರೀಕ್ಷಿಸಲು ಬಂದವನೇ ಸಾಕ್ಷಿಯಾದ.

ಎರಡನೆಯದು ತುಂಬಿದ ಸಭೆಯಲ್ಲಿ. ಬಸವಣ್ಣ, ಚೆನ್ನಬಸವಣ್ಣ ಮುಂತಾದ ಶರಣರ ನಡುವೆ ಅಲ್ಲಮ ಪ್ರಶ್ನೆಗೆ ತೊಡಗಿದ. ತುಂಬು ಹರೆಯದ ಹೆಣ್ಣು ಇಲ್ಲಿಗೇಕೆ ಬಂದೆ, ನಿನ್ನ ಗಂಡ ಯಾರು, ಅದನ್ನು ಹೇಳದೆ ಈ ಸಭೆಯಲ್ಲಿ ಕುಳಿತುಕೊಳ್ಳುವಂತಿಲ್ಲ ಎಂಬುದು ಮೊದಲ ಮಾತಿನ ತಿರುಳು. ಚೆನ್ನಮಲ್ಲಿಕಾರ್ಜುನನೇ ತನ್ನ ಪತಿ, ಆ ಮದುವೆ ಹೇಗಾಯಿತು ಎಂದು ಅಕ್ಕ ವಿವರಿಸಿದಳು. ಆಗ ಅಲ್ಲಮ ಬಿಡದೆ ಇನ್ನೂ ಇಕ್ಕಟ್ಟಿನ ಪ್ರಶ್ನೆ ಹಾಕಿದ. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ? ದೇಹದ ಭ್ರಮೆ ಅಳಿದಿದ್ದರೆ ಆ ಮರೆ ಯಾಕೆ ಬೇಕಿತ್ತು? ತ್ಯಾಗವೆಲ್ಲ ತೋರಿಕೆ ಎಂಬ ಆರೋಪವೇ ಈ ಪ್ರಶ್ನೆಯ ಒಳಗಿತ್ತು.

ಅಕ್ಕ ಕೋಪಿಸಿಕೊಳ್ಳಲಿಲ್ಲ, ಅಳಲಿಲ್ಲ, ತನ್ನ ಪರ ಮಾತಾಡಿ ಎಂದು ಬಸವಣ್ಣನ ಕಡೆ ನೋಡಲೂ ಇಲ್ಲ. ಹಣ್ಣು ಮತ್ತು ಅದರ ಸಿಪ್ಪೆಯ ಹೋಲಿಕೆಯನ್ನು ತೆಗೆದುಕೊಂಡು, ಒಳಗೆ ಹಣ್ಣು ಪಕ್ವವಾಗದ ಹೊರತು ಹೊರಗಿನ ಸಿಪ್ಪೆಯ ಒಪ್ಪ ಕೆಡುವುದಿಲ್ಲ ಎಂದು ಉತ್ತರಿಸಿದಳು. ಕೂದಲ ಮರೆ ತನ್ನ ನಾಚಿಕೆಗಾಗಿ ಅಲ್ಲ, ನೋಡುವವರ ಮನಸ್ಸು ನೋಯದಿರಲಿ ಎಂಬ ಕಾಳಜಿಗಾಗಿ ಎಂದಳು. ಆರೋಪ ಅಲ್ಲಿಗೆ ತಿರುಗಿ ನಿಂತಿತು. ದೋಷ ಮೈಯಲ್ಲಿದೆಯೋ ನೋಡುವ ಕಣ್ಣಿನಲ್ಲಿದೆಯೋ ಎಂದು ಸಭೆಯೇ ಯೋಚಿಸಬೇಕಾಯಿತು.

ನಡುವೆ ಬಸವಣ್ಣ ಆಕೆಯ ಪರವಾಗಿ ಮಾತನಾಡಿದ. ಚೆನ್ನಬಸವಣ್ಣ ಹಿರಿಯ ಶರಣರ ಹಲವು ವಚನಗಳ ಎದುರಿಗೆ ಅಕ್ಕನ ಒಂದು ವಚನವನ್ನಿಟ್ಟು ತೂಗಿದ. ಕೊನೆಗೆ ಅಲ್ಲಮ ಆಕೆಯ ನಿಲುವನ್ನು ಒಪ್ಪಿ ವಂದಿಸಿದ. ಯಾವ ಸಭೆಯಲ್ಲಿ ಸಂಶಯ ಎದ್ದಿತೋ ಅದೇ ಸಭೆಯಲ್ಲಿ, ಅಷ್ಟೇ ಜನರ ಮುಂದೆ, ಸಂಶಯ ಎತ್ತಿದವನ ಬಾಯಿಂದಲೇ ಅದು ಕಳೆಯಿತು.

ಕಲ್ಯಾಣದ ಇನ್ನೊಂದು ಆರೋಪವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣ ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಆಗದವರು ಚಾಡಿ ಹೇಳಿದರು. ಭಂಡಾರ ತೆರೆಸಿ ಎಣಿಸಿದಾಗ ಕೊರತೆ ಕಾಣಲಿಲ್ಲ ಎಂದು ಬಸವಪುರಾಣದ ಪರಂಪರೆ ಹೇಳುತ್ತದೆ. ಹಣದ ಆರೋಪವನ್ನು ಲೆಕ್ಕ ಮುಗಿಸುತ್ತದೆ. ನಡತೆಯ ಆರೋಪಕ್ಕೆ ಎಣಿಸಿ ತೋರಿಸುವ ಭಂಡಾರವಿಲ್ಲ. ಅಲ್ಲಿ ಆರೋಪ ಹೊತ್ತವರ ಮಾತು ಬೇಕು, ಆ ಮಾತನ್ನು ಕೇಳಿ ತನ್ನ ಅಭಿಪ್ರಾಯ ಬದಲಿಸಿಕೊಳ್ಳಬಲ್ಲ ಸಭೆಯೂ ಬೇಕು. ಅಕ್ಕನ ಧೈರ್ಯವನ್ನು ನಾವು ಹೊಗಳುತ್ತೇವೆ, ಅದು ಸರಿ. ಆದರೆ ತಪ್ಪು ಒಪ್ಪಿಕೊಳ್ಳಬಲ್ಲ ಸಭೆ ಇಲ್ಲದಿದ್ದರೆ ಆ ಧೈರ್ಯದ ಮಾತು ಗಾಳಿಗೆ ಹೋಗುತ್ತಿತ್ತು. ಕೌಶಿಕನ ಅರಮನೆಯಲ್ಲೂ ಆಕೆ ಅಷ್ಟೇ ಸ್ಪಷ್ಟವಾಗಿ ಮಾತನಾಡಿದ್ದಳು, ಅಲ್ಲಿ ಕೇಳುವವರು ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಅನುಭವ ಮಂಟಪದಲ್ಲಿ ಬಂದವರನ್ನೆಲ್ಲ ಪ್ರಶ್ನಿಸುವುದು ಪದ್ಧತಿ. ಅಲ್ಲಮ ಬಸವಣ್ಣನನ್ನೂ ಸಿದ್ಧರಾಮನನ್ನೂ ಬಿಟ್ಟಿಲ್ಲ. ಆದರೂ ಒಬ್ಬ ಗಂಡಸು ಬಂದಾಗ ನಿನ್ನ ಹೆಂಡತಿ ಯಾರು, ಅದನ್ನು ಹೇಳಿದರೆ ಮಾತ್ರ ಕುಳಿತುಕೋ ಎಂಬುದು ಮೊದಲ ಪ್ರಶ್ನೆಯಾಗಲಿಲ್ಲ. ಎಷ್ಟೇ ಮುಕ್ತವಾದ ಸಭೆಯಲ್ಲೂ ಹೆಣ್ಣಿಗೆ ಒಂದು ಹೆಚ್ಚಿನ ಪರೀಕ್ಷೆ ಕಾದಿತ್ತು ಎಂಬುದನ್ನು ಹೆಣ್ಣುಮಕ್ಕಳು ತರಗತಿಯಲ್ಲಿ ಗುರುತಿಸಿದರೆ ಶಿಕ್ಷಕರು ಅದನ್ನು ತಳ್ಳಿಹಾಕಬಾರದು. ಅದು ಒಳ್ಳೆಯ ಓದುಗರ ಪ್ರಶ್ನೆ.

ಕದಳಿ ಮತ್ತು ಹೆಸರು

ಮಂಟಪದ ಒಪ್ಪಿಗೆ ಸಿಕ್ಕಿತೆಂದು ಅಕ್ಕ ಅಲ್ಲೇ ಉಳಿಯಲಿಲ್ಲ. ಶರಣರಿಂದ ಬೀಳ್ಕೊಂಡು ಶ್ರೀಶೈಲದ ಕಡೆಗೆ ನಡೆದಳು. ಅಲ್ಲಿನ ಕಾಡಿನ ನಡುವಿನ ಕದಳಿಯಲ್ಲಿ ಆಕೆ ಚೆನ್ನಮಲ್ಲಿಕಾರ್ಜುನನಲ್ಲಿ ಐಕ್ಯಳಾದಳು ಎಂಬುದು ನಂಬಿಕೆ. ಗೌರವ ಬೇಕೆಂದು ಕಲ್ಯಾಣಕ್ಕೆ ಬಂದವಳಲ್ಲ, ಗೌರವ ಸಿಕ್ಕಿದ ಮೇಲೂ ತನ್ನ ದಾರಿ ಬದಲಿಸಿದವಳಲ್ಲ.

ಆಕೆಯ ಹೆಸರನ್ನು ಕಾಪಾಡಿದ್ದು ಏನು? ವಚನಗಳು. ಮುನ್ನೂರಕ್ಕೂ ಹೆಚ್ಚು ವಚನಗಳು ಆಕೆಯ ಅಂಕಿತದಲ್ಲಿ ಉಳಿದುಬಂದಿವೆ. ಯೋಗಾಂಗ ತ್ರಿವಿಧಿ ಎಂಬ ತ್ರಿಪದಿಯ ಕೃತಿಯೂ ಇದೆ. ಕೌಶಿಕನ ಕಡೆಯ ಕಥೆಯನ್ನು ಕೌಶಿಕನ ಬಾಯಿಂದ ಕೇಳಲು ನಮಗೆ ಇಂದು ಏನೂ ಉಳಿದಿಲ್ಲ. ಅಕ್ಕನ ಮಾತು ಮಾತ್ರ ಓಲೆಗರಿಗಳಲ್ಲಿ ಉಳಿಯಿತು. ಫ.ಗು. ಹಳಕಟ್ಟಿಯವರಂಥವರು 20ನೇ ಶತಮಾನದಲ್ಲಿ ಮನೆಮನೆ ಅಲೆದು ವಚನಗಳ ಓಲೆಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಅವು ಪಠ್ಯಪುಸ್ತಕದವರೆಗೆ ಬಂದವು. ವಿಜಯಪುರದ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಇಂದು ಆಕೆಯ ಹೆಸರಿನಲ್ಲಿದೆ.

ಎಲ್ಲಕ್ಕಿಂತ ದೊಡ್ಡ ಗೌರವ ಆ ಸಂಬೋಧನೆಯಲ್ಲಿದೆ. ವಯಸ್ಸಿನಲ್ಲಿ ಕಿರಿಯಳಾದ ಆಕೆಯನ್ನು ಹಿರಿಯರೆಲ್ಲ ಅಕ್ಕ ಎಂದು ಕರೆದರು. ದಾರಿಯಲ್ಲಿ ಹುಚ್ಚಿಯೆನಿಸಿಕೊಂಡವಳು ನಾಡಿಗೆ ಅಕ್ಕನಾದಳು. ಎಂಟು ಶತಮಾನ ಕಳೆದರೂ ಕನ್ನಡದಲ್ಲಿ ಬರಿಯ ಅಕ್ಕ ಎಂದರೆ ಆಕೆಯೇ.

ತರಗತಿಗೆ

ಈ ಪಾಠವನ್ನು ಬೋಧಿಸುವ ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯಲ್ಲಿ ಈ ಕೆಳಗಿನ ಅಂಶಗಳನ್ನು ಸೇರಿಸಿಕೊಳ್ಳಬಹುದು.

1. ಉಡುಗೆಯ ಸಂಗತಿಯನ್ನು ನುಂಗಬೇಡಿ, ಎಳೆಯಲೂ ಬೇಡಿ. ಅರಸ ಹಂಗಿಸಿದ, ಆಕೆ ಅರಮನೆಯ ಎಲ್ಲವನ್ನೂ ಬಿಟ್ಟು ಹೊರಟಳು ಎಂದು ಒಂದೇ ವಾಕ್ಯದಲ್ಲಿ, ಧ್ವನಿ ಬದಲಿಸದೆ ಹೇಳಿ. ಶಿಕ್ಷಕರ ಮುಖದಲ್ಲಿ ಮುಜುಗರ ಕಂಡರೆ ಮಕ್ಕಳು ನಗುತ್ತಾರೆ. ಕಿನ್ನರಿ ಬೊಮ್ಮಯ್ಯನ ಪ್ರಸಂಗ ಪ್ರೌಢಶಾಲೆಯ ಮೇಲಿನ ತರಗತಿಗಳಿಗೆ ಸಾಕು.

2. ಹರಿಹರ ಮತ್ತು ಚಾಮರಸ ಹೇಳುವ ಎರಡು ಕಥೆಗಳನ್ನು ಕಪ್ಪುಹಲಗೆಯ ಮೇಲೆ ಎರಡು ಕಂಬಸಾಲಿನಲ್ಲಿ ಬರೆಯಿಸಿ. ಎರಡರಲ್ಲೂ ಸಮಾನವಾಗಿರುವುದು ಯಾವುದು ಎಂದು ಕೇಳಿ. ಒಬ್ಬರ ಬಗ್ಗೆ ಕೇಳಿದ ಮಾತನ್ನು ನಂಬುವ ಮೊದಲು ಯಾರು ಹೇಳಿದರು, ಯಾವಾಗ ಹೇಳಿದರು ಎಂದು ನೋಡುವ ಅಭ್ಯಾಸ ಇಲ್ಲಿಂದಲೇ ಬರುತ್ತದೆ.

3. ಸೊರಬದ ಮಕ್ಕಳಿಗೆ ಚಂದ್ರಗುತ್ತಿಯ ರೇಣುಕಾಂಬೆ ಗೊತ್ತು. ರೇಣುಕೆಯ ಪುರಾಣದಲ್ಲಿ ಗಂಡನಿಗೆ ಸಂಶಯ ಬರುತ್ತದೆ, ಆಕೆಯ ಮಾತನ್ನು ಕೇಳದೆಯೇ ಮಗನಿಗೆ ಆಜ್ಞೆಯಾಗುತ್ತದೆ. ಅಕ್ಕನ ಕಥೆಯಲ್ಲಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಾರೆ. ಎರಡನ್ನೂ ಹೋಲಿಸಿ ನೋಡಲು ಹೇಳಿ. ಶಿಕ್ಷೆಗೆ ಗುರಿಯಾದ ತಾಯಿಯನ್ನೇ ಜನ ದೇವಿಯೆಂದು ಪೂಜಿಸುತ್ತ ಬಂದದ್ದು ಏಕೆ ಎಂದು ಕೇಳಿ. ಭಕ್ತಿಗೆ ನೋವಾಗದಂತೆ ಈ ಚರ್ಚೆಯನ್ನು ನಡೆಸುವುದು ಶಿಕ್ಷಕರ ಹೊಣೆ.

4. ಪಾಠದ ಮೌಲ್ಯವನ್ನು ಬದುಕಿಗೆ ಅನ್ವಯಿಸುವ ಚಟುವಟಿಕೆಗೆ ತರಗತಿಯ ಸಂದರ್ಭವನ್ನೇ ತೆಗೆದುಕೊಳ್ಳಿ. ಒಬ್ಬರ ಜಾಮಿಟ್ರಿ ಬಾಕ್ಸ್ ಕಾಣೆಯಾಗಿದೆ, ಹಿಂದಿನ ಬೆಂಚಿನ ಹುಡುಗನ ಮೇಲೆ ಎಲ್ಲರ ಬೆರಳು. ಈಗ ತರಗತಿ ಏನು ಮಾಡಬೇಕು? ಗುಂಪುಗಳಲ್ಲಿ ಚರ್ಚಿಸಿ ಹೇಳಲಿ.

ನಾಲ್ಕನೆಯ ಅಂಶ ಮಕ್ಕಳಿಗೆ ಚಟುವಟಿಕೆ, ನಮಗೆ ನಿತ್ಯದ ಕೆಲಸ. ಬೋಧನಾಭ್ಯಾಸದ ಅವಧಿಯಲ್ಲಿ ಇಂಥ ಸಂದರ್ಭ ಬಂದಾಗ ಅಕ್ಕನ ಕಥೆಯನ್ನು ಹಾಗೆಯೇ ಅನುಕರಿಸುವಂತಿಲ್ಲ ಎಂಬುದನ್ನು ನೆನಪಿಡಬೇಕು. ಅಕ್ಕ ತಾನಾಗಿ ಆ ಸಭೆಗೆ ಬಂದವಳು, ಮಾತಿನಲ್ಲಿ ಅಲ್ಲಮನಿಗೆ ಸಮನಾದವಳು. ಹದಿಮೂರು ವರ್ಷದ ಮಗುವಿಗೆ ಆ ಬಲವಿಲ್ಲ. ಎಲ್ಲರ ಮುಂದೆ ನಿಲ್ಲಿಸಿ ಕೇಳಿದರೆ ತಪ್ಪಿಲ್ಲದ ಮಗುವೂ ತೊದಲುತ್ತದೆ, ತೊದಲಿದ್ದೇ ತಪ್ಪಿಗೆ ಸಾಕ್ಷಿ ಎಂದು ತರಗತಿ ತಿಳಿಯುತ್ತದೆ. ಚೀಲ ಸುರಿದು ಹುಡುಕಿದರೆ, ಏನೂ ಸಿಗದಿದ್ದರೂ ಕಳ್ಳ ಎಂಬ ಅಡ್ಡಹೆಸರು ಉಳಿದೇ ಉಳಿಯುತ್ತದೆ. ಆದ್ದರಿಂದ ಮೊದಲು ಆರೋಪಿಸಿದವರನ್ನು ಕೇಳಬೇಕು. ನೀನು ಕಂಡದ್ದೇನು, ಕೇಳಿದ್ದೇನು, ಊಹಿಸಿದ್ದೇನು ಎಂದು ಬಿಡಿಸಿ ಕೇಳಿದರೆ ಎಷ್ಟೋ ಆರೋಪಗಳು ಅಲ್ಲೇ ಕರಗುತ್ತವೆ. ಆಮೇಲೆ ಮಗುವನ್ನು ಒಂಟಿಯಾಗಿ ಕೂರಿಸಿ ವಿಷಯವನ್ನು ಸರಳವಾಗಿ ತಿಳಿಸಿ, ಅದು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಬೇಕು. ಅಗತ್ಯವಿದ್ದರೆ ತರಗತಿ ಶಿಕ್ಷಕರಿಗೆ, ಮುಖ್ಯ ಶಿಕ್ಷಕರಿಗೆ ತಿಳಿಸಬೇಕು. ಪ್ರಶಿಕ್ಷಣಾರ್ಥಿ ತಾನೇ ನ್ಯಾಯಾಧೀಶನಾಗಬಾರದು.

ಆದರೆ ಕಲ್ಯಾಣದ ಸಭೆಯಿಂದ ಒಂದನ್ನು ಮಾತ್ರ ಬದಲಾವಣೆಯಿಲ್ಲದೆ ತೆಗೆದುಕೊಳ್ಳಬಹುದು. ಆರೋಪ ಸುಳ್ಳೆಂದು ತಿಳಿದಾಗ ಅದನ್ನು ಮಗುವಿನ ಕಿವಿಯಲ್ಲಿ ಮಾತ್ರ ಹೇಳಿ ಮುಗಿಸಬಾರದು. ಬಾಕ್ಸ್ ಮನೆಯಲ್ಲೇ ಇತ್ತೆಂದು ಗೊತ್ತಾದ ದಿನ, ಇಡೀ ತರಗತಿಯ ಮುಂದೆ, ಆ ಹುಡುಗನ ಹೆಸರು ಹಿಡಿದು, ಇವನ ಮೇಲೆ ಬಂದ ಮಾತು ನಿಜವಲ್ಲ ಎಂದು ಶಿಕ್ಷಕರು ಹೇಳಬೇಕು. ಬೆರಳು ತೋರಿಸಿದವರೂ ಹೇಳಬೇಕು. ಆರೋಪ ಎಷ್ಟು ಜನರ ಕಿವಿಗೆ ಬಿದ್ದಿತ್ತೋ ಅದರ ನಿವಾರಣೆಯೂ ಅಷ್ಟು ಜನರ ಕಿವಿಗೆ ಬೀಳಬೇಕು. ಶೂನ್ಯಸಿಂಹಾಸನದ ಅಧ್ಯಕ್ಷನೇ ತುಂಬಿದ ಸಭೆಯಲ್ಲಿ ಉಡುತಡಿಯ ಯುವತಿಗೆ ತಲೆಬಾಗಿದ. ಹಿಂದಿನ ಬೆಂಚಿನ ಹುಡುಗನ ಮುಂದೆ ಹಾಗೆ ಮಾತನಾಡುವುದರಿಂದ ಶಿಕ್ಷಕರ ಘನತೆ ಕಡಿಮೆಯಾಗುವುದಿಲ್ಲ.